ಹೊಸ ಎಂಜಿನ್ನುಗಳನ್ನೇ ಗುಜರಿಗೆ ಹಾಕಿದ್ದೇಕೆ? ಆಸ್ಟ್ರೇಲಿಯಾದ ಉಗಿಬಂಡಿಗಳ ಕೊನೆಯ ವರ್ಷಗಳು

ಪ್ರಶ್ನೆ: ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನ್ಯೂಪೋರ್ಟ್ ರೈಲ್ವೆ ಮ್ಯೂಸಿಯಂ ನೋಡಿದೆ. ಅಲ್ಲಿರುವ ಆರ್ 704 ಎಂಜಿನ್ 1951ರದ್ದಂತೆ. ಉಗಿ ಎಂಜಿನ್ ನಲವತ್ತು ವರ್ಷ ದುಡಿಯುತ್ತದೆ ಎಂದು ಕೇಳಿದ್ದೇನೆ. ಹಾಗಿದ್ದರೆ ಹೊಸದಾಗಿ ಕೊಂಡ ಎಂಜಿನ್ನುಗಳನ್ನು ಇಪ್ಪತ್ತು ವರ್ಷವೂ ಓಡಿಸದೆ ಮೂಲೆಗೆ ತಳ್ಳಿದ್ದೇಕೆ? ಡೀಸೆಲ್ ಬರುತ್ತದೆಂದು ಮೊದಲೇ ಗೊತ್ತಿರಲಿಲ್ಲವೇ? ಕಟ್ಟಕಡೆಯ ಉಗಿಬಂಡಿ ನಿಂತದ್ದು ಎಲ್ಲಿ, ಯಾವಾಗ?

ಉತ್ತರ: ನಿಮ್ಮ ಲೆಕ್ಕ ಸರಿಯಾಗಿದೆ. ಚೆನ್ನಾಗಿ ನೋಡಿಕೊಂಡ ಉಗಿ ಎಂಜಿನ್ ನಲವತ್ತು ವರ್ಷ ಸಲೀಸಾಗಿ ದುಡಿಯುತ್ತದೆ. ಆಸ್ಟ್ರೇಲಿಯಾದಲ್ಲಿ ಆ ಮಾತಿಗೆ ಬೇಕಾದಷ್ಟು ಸಾಕ್ಷಿಯಿದೆ. ಆರ್ ದರ್ಜೆಯ ಎಂಜಿನ್ನುಗಳು ಸವೆದು ಹೋಗಿ ನಿಂತವಲ್ಲ. ಅವುಗಳಿಗೆ ನೀರು, ಕಲ್ಲಿದ್ದಲು, ಆಳು ಒದಗಿಸುವ ಖರ್ಚನ್ನು ಹೊರಲು ರೈಲ್ವೆಗಳಿಗೆ ಮನಸ್ಸಿಲ್ಲದಂತಾಯಿತು. ಆದರೆ ಈ ಖರ್ಚು ದೇಶಕ್ಕೆಲ್ಲ ಒಂದೇ ಆಗಿರಲಿಲ್ಲ. ಒಂದೊಂದು ರಾಜ್ಯದ ರೈಲ್ವೆಯೂ ಬೇರೆ, ಗೇಜೂ (ಎರಡು ಹಳಿಗಳ ನಡುವಿನ ಅಂತರ) ಬೇರೆ. ವಿಕ್ಟೋರಿಯಾದ್ದು 1600 ಮಿಲಿಮೀಟರ್, ನ್ಯೂ ಸೌತ್ ವೇಲ್ಸ್‌ದು 1435, ಕ್ವೀನ್ಸ್‌ಲ್ಯಾಂಡಿನದು 1067. ಹಾಗಾಗಿ ಉಗಿಯ ಕೊನೆಯೂ ಒಂದೇ ದಿನ ಬರಲಿಲ್ಲ. ಅದು ಮೊದಲು ಬಂದದ್ದು ನೀರೇ ಇಲ್ಲದ ಕಡೆ, ಕೊನೆಗೆ ಬಂದದ್ದು ಕಲ್ಲಿದ್ದಲು ಗಣಿಯ ಬಾಗಿಲಲ್ಲಿ.

ನೀರಿನಿಂದಲೇ ಶುರು ಮಾಡೋಣ, ಏಕೆಂದರೆ ಉಗಿ ಎಂಜಿನ್ ಎಂದರೆ ಜನ ಬೆಂಕಿಯನ್ನು ನೆನೆಯುತ್ತಾರೆ, ನೀರನ್ನು ಮರೆಯುತ್ತಾರೆ. ಒಂದು ಕಿಲೋ ಕಲ್ಲಿದ್ದಲು ಸುಟ್ಟರೆ ಆರೇಳು ಕಿಲೋ ನೀರು ಉಗಿಯಾಗಿ ಹೋಗುತ್ತದೆ. ಆ ಉಗಿ ಸಿಲಿಂಡರಿನಲ್ಲಿ ಒಮ್ಮೆ ದುಡಿದು ಚಿಮಣಿಯಿಂದ ಹಾರಿಹೋದರೆ ಮುಗಿಯಿತು, ಮರಳಿ ಬಾಯ್ಲರಿಗೆ ಬರುವುದಿಲ್ಲ. ಈಗ ಪೋರ್ಟ್ ಆಗಸ್ಟಾದಿಂದ ಕಾಲ್ಗೂರ್ಲಿಯವರೆಗಿನ ಟ್ರಾನ್ಸ್-ಆಸ್ಟ್ರೇಲಿಯನ್ ದಾರಿಯನ್ನು ನೋಡಿ. 1917ರಲ್ಲಿ ಮುಗಿದ ಸುಮಾರು 1,690 ಕಿ.ಮೀ. ದಾರಿ ಅದು. ನಡುವೆ ನಲ್ಲಾರ್ಬರ್ ಬಯಲಿನಲ್ಲಿ 478 ಕಿ.ಮೀ. ಒಂದೂ ತಿರುವಿಲ್ಲ. ಇಡೀ ದಾರಿಯಲ್ಲಿ ವರ್ಷವಿಡೀ ಹರಿಯುವ ಒಂದು ಹೊಳೆಯೂ ಅಡ್ಡ ಬರುವುದಿಲ್ಲ. ಕೊಳವೆಬಾವಿ ಕೊರೆದರೆ ಸಿಗುವುದು ಉಪ್ಪುನೀರು.

ಗಡಸು ನೀರು ಕಾಯಿಸಿದ ಹಂಡೆಯ ತಳದಲ್ಲಿ ಬಿಳಿ ಪೊರೆ ಕೂರುವುದನ್ನು ನೀವು ನೋಡಿರುತ್ತೀರಿ. ಬಾಯ್ಲರಿನೊಳಗೆ ಆಗುವುದೂ ಅದೇ, ಆದರೆ ಪರಿಣಾಮ ಬೇರೆ. ಬೆಂಕಿ ಉರಿಯುವ ಪೆಟ್ಟಿಗೆಯಾದ ಫೈರ್‌ಬಾಕ್ಸಿನ ಉಕ್ಕಿನ ಗೋಡೆಗೆ ಒಂದು ಕಡೆ ಬೆಂಕಿ, ಇನ್ನೊಂದು ಕಡೆ ನೀರು. ನೀರು ತಾಗಿಕೊಂಡಿರುವಷ್ಟು ಹೊತ್ತು ಉಕ್ಕು ತಣ್ಣಗಿರುತ್ತದೆ. ನಡುವೆ ಪೊರೆ ಕೂತರೆ ಶಾಖ ನೀರಿಗೆ ದಾಟುವುದಿಲ್ಲ, ಉಕ್ಕು ಕಾದು ಮೆತ್ತಗಾಗಿ ಉಬ್ಬುತ್ತದೆ. ಒಳಗೋಡೆ ಹೊರಗೋಡೆಗಳನ್ನು ಹಿಡಿದಿಟ್ಟುಕೊಂಡಿರುವ ಸ್ಟೇ ಬೋಲ್ಟುಗಳು ಒಂದೊಂದಾಗಿ ತುಂಡಾಗುತ್ತವೆ. ಇದು ಮುಂಚಿತವಾಗಿ ಗೊತ್ತಾಗಲೆಂದೇ ಸ್ಟೇಯ ನಡುವೆ ಸಣ್ಣ ತೂತು ಕೊರೆದಿರುತ್ತಾರೆ. ಬೋಲ್ಟು ಮುರಿದರೆ ಆ ತೂತಿನಿಂದ ಉಗಿ ಸೀಳಿ ಬರುತ್ತದೆ. ಅದೇ ಹೊತ್ತಿಗೆ ಬಾಯ್ಲರಿನೊಳಗೆ ಬಿಸಿ ಹೊಗೆ ಹಾಯುವ ಟ್ಯೂಬುಗಳ ತುದಿ ಸಡಿಲಾಗಿ ನೀರು ಬೆಂಕಿಯ ಮೇಲೆ ತೊಟ್ಟಿಕ್ಕುತ್ತದೆ.

ಪೊರೆ ಕಟ್ಟದಂತೆ ಸೋಡಾ, ಸುಣ್ಣ ಹಾಕಿ ನೀರನ್ನು ಮೆದು ಮಾಡಬಹುದು. ಆಗ ಇನ್ನೊಂದು ತೊಂದರೆ ಶುರುವಾಗುತ್ತದೆ. ಕರಗಿದ ಲವಣ ಬಾಯ್ಲರಿನಲ್ಲೇ ಉಳಿದು ಗಂಟೆ ಗಂಟೆಗೂ ಗಟ್ಟಿಯಾಗುತ್ತ ಹೋಗುತ್ತದೆ, ಕೊನೆಗೆ ನೀರು ಹಾಲಿನಂತೆ ನೊರೆಯೆದ್ದು ಉಕ್ಕುತ್ತದೆ. ಉಗಿಯ ಜೊತೆ ನೀರೂ ಸಿಲಿಂಡರಿಗೆ ನುಗ್ಗುತ್ತದೆ. ಉಗಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಪಿಸ್ಟನ್ ಬಂದು ಬಡಿದರೆ ಸಿಲಿಂಡರಿನ ಮುಚ್ಚಳವೇ ಒಡೆಯಬಹುದು. ಒಡೆಯದಿದ್ದರೂ ಒಳಗಿನ ಎಣ್ಣೆಯೆಲ್ಲ ತೊಳೆದುಹೋಗಿ ಲೋಹ ಲೋಹಕ್ಕೆ ಉಜ್ಜುತ್ತದೆ. ಇದಕ್ಕೆ ಮದ್ದೆಂದರೆ ಬ್ಲೋಡೌನ್ ಕಾಕ್ ತೆರೆದು ಗಟ್ಟಿಯಾದ ಬಿಸಿನೀರನ್ನು ಹೊರಗೆ ಚೆಲ್ಲಿ ಹೊಸ ನೀರು ತುಂಬುವುದು. ನಲ್ಲಾರ್ಬರಿನಲ್ಲಿ ಆ ಹೊಸ ನೀರನ್ನು ಇನ್ನೊಂದು ರೈಲು ದೂರದಿಂದ ಹೊತ್ತು ತರಬೇಕು, ಆ ರೈಲನ್ನು ಎಳೆಯುವ ಎಂಜಿನ್ನಿಗೂ ನೀರು ಬೇಕು! ಗೂಡ್ಸಿಗೆ ಸಿಗಬೇಕಾದ ಎಂಜಿನ್ ಬಲದಲ್ಲಿ ಒಂದು ಪಾಲು ನೀರು ಹೊರುವುದಕ್ಕೇ ಹೋಗುತ್ತಿತ್ತು. ಕಲ್ಲಿದ್ದಲೂ ಅಷ್ಟೇ, ದೂರದಿಂದಲೇ ಬರಬೇಕು.

ಆದ್ದರಿಂದ ಈ ದಾರಿಯನ್ನು ನಡೆಸುತ್ತಿದ್ದ ಕೇಂದ್ರ ಸರ್ಕಾರದ ಕಾಮನ್‌ವೆಲ್ತ್ ರೈಲ್ವೇಸ್ 1951ರಲ್ಲಿ ಜಿಎಂ ದರ್ಜೆಯ ಡೀಸೆಲ್‌ಗಳನ್ನು ತಂದಾಗ ಅಲ್ಲಿ ಚರ್ಚೆಗೆ ಜಾಗವೇ ಇರಲಿಲ್ಲ. ಅಮೆರಿಕದ ಎಂಜಿನ್ ತಯಾರಕ ಇಎಂಡಿಯ ವಿನ್ಯಾಸವನ್ನು ಸಿಡ್ನಿ ಬಳಿಯ ಗ್ರಾನ್ವಿಲ್‌ನಲ್ಲಿ ಕ್ಲೈಡ್ ಎಂಜಿನಿಯರಿಂಗ್ ಕಂಪನಿ ಕಟ್ಟಿಕೊಟ್ಟಿತು. ಮೊದಲ ಕಂತಿನ ಬರೀ 11 ಎಂಜಿನ್ನುಗಳು ಆ ದಾರಿಯ ಮುಖ್ಯ ರೈಲುಗಳ ಚಹರೆಯನ್ನೇ ಬದಲಿಸಿಬಿಟ್ಟವು. ದೇಶಕ್ಕೆ ಮುಖ್ಯ ಮಾರ್ಗದ ಡೀಸೆಲ್-ಎಲೆಕ್ಟ್ರಿಕ್ (ಡೀಸೆಲ್‌ನಿಂದ ವಿದ್ಯುತ್ ಮಾಡಿ ಗಾಲಿ ತಿರುಗಿಸುವ ಎಂಜಿನ್) ಮೊದಲು ಬಂದದ್ದು ಅದಕ್ಕೂ ಒಂದು ವರ್ಷ ಮುಂಚೆ, 1950ರಲ್ಲಿ, ಟ್ಯಾಸ್ಮೇನಿಯಾಕ್ಕೆ.

ಇನ್ನು ನೀವು ಕೇಳಿದ ವಿಕ್ಟೋರಿಯಾ. ಅಲ್ಲಿ ನೀರಿಗೆ ಅಂಥ ಬರವಿಲ್ಲ, ಕಷ್ಟವಿದ್ದದ್ದು ಕಲ್ಲಿದ್ದಲಿಗೆ. ವಾಂಥಾಗಿಯಲ್ಲಿ ಸರ್ಕಾರಿ ಗಣಿಯೊಂದಿತ್ತು, ಆದರೆ ಅದು ಸಾಲುತ್ತಿರಲಿಲ್ಲ. ಒಳ್ಳೆಯ ಕಪ್ಪು ಕಲ್ಲಿದ್ದಲು ನ್ಯೂ ಸೌತ್ ವೇಲ್ಸ್‌ನಿಂದ ಬರಬೇಕಿತ್ತು. 1949ರ ಜೂನ್ ಕೊನೆಯಲ್ಲಿ ಅಲ್ಲಿನ ಗಣಿ ಕಾರ್ಮಿಕರು ಮುಷ್ಕರ ಹೂಡಿ ಏಳು ವಾರ ಕೆಲಸ ನಿಲ್ಲಿಸಿದರು. ಪ್ರಧಾನಿ ಚಿಫ್ಲಿಯ ಸರ್ಕಾರ ಗಣಿಗೆ ಸೈನ್ಯವನ್ನೇ ಇಳಿಸಿತು. ಪಕ್ಕದ ರಾಜ್ಯದ ಜಗಳಕ್ಕೆ ತನ್ನ ರೈಲುಗಳು ನಿಲ್ಲುವುದನ್ನು ವಿಕ್ಟೋರಿಯಾ ಕಣ್ಣಾರೆ ಕಂಡಿತು.

ಪರಿಹಾರಕ್ಕೆ ಎರಡು ದಾರಿ ಹಿಡಿದರು. ಒಂದು, ಎಂಜಿನ್ನುಗಳನ್ನು ಎಣ್ಣೆ ಉರಿಸುವಂತೆ ಮಾರ್ಪಡಿಸುವುದು. 1954ರಲ್ಲಿ ಇಂಗ್ಲೆಂಡಿನ ವಲ್ಕನ್ ಫೌಂಡ್ರಿಯಿಂದ ಬಂದ 60 ಜೆ ದರ್ಜೆಯ ಎಂಜಿನ್ನುಗಳಲ್ಲಿ ಅರ್ಧದಷ್ಟು ಎಣ್ಣೆಯವು. ಇನ್ನೊಂದು ದಾರಿ ಸಾಹಸದ್ದು. ವಿಕ್ಟೋರಿಯಾದ್ದೇ ಆದ ಲಾಟ್ರೋಬ್ ಕಣಿವೆಯಲ್ಲಿ ಕಂದು ಕಲ್ಲಿದ್ದಲು ಬೇಕಾದಷ್ಟಿದೆ, ಆದರೆ ಅದರಲ್ಲಿ ತೇವ ಹೆಚ್ಚು, ಹಾಗೇ ಸಲಿಕೆಯಿಂದ ಎಸೆದರೆ ಬೆಂಕಿ ಮಂಕಾಗುತ್ತದೆ. ಅದನ್ನು ಒಣಗಿಸಿ, ಹಿಟ್ಟಿನಂತೆ ಪುಡಿ ಮಾಡಿ, ಮುಚ್ಚಿದ ಟೆಂಡರಿನಲ್ಲಿ (ಎಂಜಿನ್ನಿನ ಹಿಂದಿನ ಇಂಧನದ ಗಾಡಿ) ತುಂಬಿ, ತಿರುಪಿನಿಂದ ಮುಂದೆ ತಳ್ಳಿ, ಗಾಳಿಯ ಜೊತೆ ಫೈರ್‌ಬಾಕ್ಸಿಗೆ ಊದಿದರೆ ಗ್ಯಾಸಿನಂತೆ ಉರಿಯುತ್ತದೆ. 1949ರಲ್ಲಿ ಎಕ್ಸ್ 32 ಎಂಬ ಎಂಜಿನ್ನಿನಲ್ಲಿ ಇದನ್ನು ಪರೀಕ್ಷಿಸಿದರು, ಆಮೇಲೆ ಆರ್ 707ಕ್ಕೂ ಅಳವಡಿಸಿದರು. ಎಂಜಿನಿಯರಿಂಗ್ ದೃಷ್ಟಿಯಿಂದ ಅದು ಸೋಲಲಿಲ್ಲ. ಆದರೆ ಅಷ್ಟರಲ್ಲಿ ಡೀಸೆಲ್ ಬಂದು ನಿಂತಿತ್ತು. ಪುಡಿ ಮಾಡುವ ಯಂತ್ರ, ತುಂಬುವ ಗೋಪುರ ಎಲ್ಲವನ್ನೂ ಶೆಡ್ಡು ಶೆಡ್ಡಿಗೂ ಕಟ್ಟಲು ಹಣ ಹಾಕುವವರು ಯಾರು?

ಡೀಸೆಲ್ ಬರುವುದು ಗೊತ್ತಿರಲಿಲ್ಲವೇ ಎಂಬ ನಿಮ್ಮ ಮಾತಿಗೆ ಬರುತ್ತೇನೆ. ಗೊತ್ತಿತ್ತು. ಆದರೆ ಯುದ್ಧದ ವರ್ಷಗಳಲ್ಲಿ ರೈಲ್ವೆಗಳು ತಮ್ಮ ಹಳೆಯ ಎಂಜಿನ್ನುಗಳನ್ನು ಹಿಂಡಿ ದುಡಿಸಿದ್ದವು. 1945ರ ನಂತರ ಬಂಡಿ ಎಳೆಯಲು ಏನಾದರೂ ಬೇಕಿತ್ತು, ತಕ್ಷಣ ಬೇಕಿತ್ತು. ಅನುಭವದಿಂದ ಪಳಗಿದ ಡೀಸೆಲ್ ಸಿಗುತ್ತಿದ್ದದ್ದು ಅಮೆರಿಕದಲ್ಲಿ, ಅದಕ್ಕೆ ಡಾಲರ್ ಬೇಕು. ಆಸ್ಟ್ರೇಲಿಯಾ ಬ್ರಿಟಿಷ್ ಪೌಂಡನ್ನು ನೆಚ್ಚಿದ ಸ್ಟರ್ಲಿಂಗ್ ವಲಯದ ದೇಶ, ಡಾಲರ್‌ಗೆ ತೀವ್ರ ಅಭಾವ. ಪೌಂಡ್ ಕೊಟ್ಟರೆ ಬ್ರಿಟನ್ನಿನ ಕಾರ್ಖಾನೆಗಳು ಉಗಿ ಎಂಜಿನ್ ಕಟ್ಟಿಕೊಡಲು ತಯಾರಿದ್ದವು. ಆದ್ದರಿಂದ ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಕಂಪನಿಯಿಂದ ವಿಕ್ಟೋರಿಯಾಕ್ಕೆ 70 ಆರ್ ದರ್ಜೆಯವು, ಮ್ಯಾಂಚೆಸ್ಟರಿನ ಬೇಯರ್ ಪೀಕಾಕ್‌ನಿಂದ ಪಶ್ಚಿಮ ಆಸ್ಟ್ರೇಲಿಯಾಕ್ಕೆ 60 ಡಬ್ಲ್ಯೂ ದರ್ಜೆಯವು ಬಂದವು. ಆರ್ ದರ್ಜೆಯವು ಬಂದಿಳಿದದ್ದು 1951ರಿಂದ 1953ರವರೆಗೆ. ನೀವು ನೋಡಿದ 704 ಲಂಡನ್ನಿನಲ್ಲಿ 1951ರ ಫೆಸ್ಟಿವಲ್ ಆಫ್ ಬ್ರಿಟನ್ ಪ್ರದರ್ಶನದಲ್ಲಿ ನಿಂತು ಬಂದದ್ದು. ಮೆಲ್ಬರ್ನ್‌ನಲ್ಲಿ ಬಿ ದರ್ಜೆಯ ಮೊದಲ ಡೀಸೆಲ್ ಹಳಿಗಿಳಿದದ್ದು 1952ರ ಜುಲೈನಲ್ಲಿ. ಅಂದರೆ ಎಪ್ಪತ್ತೂ ಬಂದು ಸೇರುವ ಮೊದಲೇ ಅವುಗಳ ಕೆಲಸ ಕಿತ್ತುಕೊಳ್ಳುವ ಯಂತ್ರ ಓಡುತ್ತಿತ್ತು. ಮುಖ್ಯ ಪ್ಯಾಸೆಂಜರ್ ರೈಲುಗಳು ಬೇಗ ಕೈತಪ್ಪಿದವು. ಎಕ್ಸ್‌ಪ್ರೆಸ್ಸಿಗೆಂದು ಕಟ್ಟಿದ ಎಂಜಿನ್ ಗೋಧಿ ಸುಗ್ಗಿಯ ಗೂಡ್ಸಿಗೆ ಕಾದು ಶೆಡ್ಡಿನಲ್ಲಿ ನಿಲ್ಲುವಂತಾಯಿತು. ಇದನ್ನು ದಡ್ಡತನ ಎನ್ನಲು ನನಗೆ ಮನಸ್ಸು ಬಾರದು. 1947-48ರಲ್ಲಿ ಕೂತು ಲೆಕ್ಕ ಹಾಕಿದರೆ ಬೇರೆ ಆಯ್ಕೆ ಕಾಣುತ್ತಿರಲಿಲ್ಲ.

ವೇಗದಲ್ಲಿ ಉಗಿ ಸೋತಿತು ಎಂಬ ತಪ್ಪು ಕಲ್ಪನೆಯನ್ನೂ ಇಲ್ಲೇ ಬಿಡಿಸುತ್ತೇನೆ. 1964ರ ಜೂನ್ 28ರಂದು 3801 ಎಂಬ ಉಗಿ ಎಂಜಿನ್ ಸಿಡ್ನಿಯಿಂದ ನ್ಯೂಕಾಸಲ್‌ಗೆ ಸುಮಾರು 2 ಗಂಟೆ 2 ನಿಮಿಷದಲ್ಲಿ ಮುಟ್ಟಿತು. ಇಂದಿನ ವಿದ್ಯುತ್ ರೈಲಿಗೆ ಅದೇ ದಾರಿಯಲ್ಲಿ ಎರಡೂವರೆ ಗಂಟೆಗಿಂತ ಹೆಚ್ಚು ಹಿಡಿಯುತ್ತದೆ. ಸೋತದ್ದು ಶೆಡ್ಡಿನಲ್ಲಿ. ತಣ್ಣಗಿರುವ ಬಾಯ್ಲರಿಗೆ ಬೆಂಕಿ ಹಾಕಿ ಉಗಿ ಏರಿಸಲು ಆರೆಂಟು ಗಂಟೆ ಬೇಕು. ಅವಸರ ಮಾಡಿದರೆ ಫೈರ್‌ಬಾಕ್ಸ್ ಬೇಗ ಹಿಗ್ಗಿ, ಹೊರಕವಚ ನಿಧಾನಕ್ಕೆ ಹಿಗ್ಗಿ, ಟ್ಯೂಬಿನ ಕೀಲುಗಳು ಸೋರುತ್ತವೆ. ಓಟ ಮುಗಿಸಿ ಬಂದ ಮೇಲೆ ಬೆಂಕಿಯಲ್ಲಿನ ಕಿಟ್ಟ ಒಡೆದು ಕೆಳಗಿಳಿಸಬೇಕು, ಬೂದಿ ಬಾಚಬೇಕು, ಮುಂದಿನ ಸ್ಮೋಕ್‌ಬಾಕ್ಸಿನ ಮಸಿ ತೆಗೆಯಬೇಕು, ಕಲ್ಲಿದ್ದಲು, ನೀರು, ಮರಳು ತುಂಬಬೇಕು, ಹತ್ತಾರು ಕಡೆ ಎಣ್ಣೆ ಹಾಕಬೇಕು, ಟರ್ನ್‌ಟೇಬಲ್ಲಿನ ಮೇಲೆ ತಿರುಗಿಸಬೇಕು. ಕೆಲವು ದಿನಕ್ಕೊಮ್ಮೆ ಬೆಂಕಿ ಆರಿಸಿ, ಬಾಯ್ಲರನ್ನು ಮೆಲ್ಲಗೆ ತಣಿಸಿ, ಪ್ಲಗ್ಗುಗಳನ್ನು ಬಿಚ್ಚಿ, ಒತ್ತಡದ ನೀರು ಹಾಯಿಸಿ, ಸರಳು ಹಾಕಿ ಕೆರೆದು ಒಳಗಿನ ಕೆಸರು ತೊಳೆಯಬೇಕು. ಅದಕ್ಕೆ ಒಂದು ದಿನ ಪೂರ್ತಿ ಹೋಗುತ್ತದೆ. ಇಷ್ಟೆಲ್ಲ ಕೊಳಕು, ಸೆಕೆ, ರಾತ್ರಿ ಪಾಳಿಯ ಕೆಲಸ. ಯುದ್ಧಾನಂತರದ ಆಸ್ಟ್ರೇಲಿಯಾದಲ್ಲಿ ಕಾರ್ಖಾನೆಗಳು ಹಗಲು ಹೊತ್ತು ಒಳ್ಳೆಯ ಸಂಬಳ ಕೊಡುತ್ತಿದ್ದಾಗ ಬೂದಿ ಬಾಚಲು ಆಳು ಹುಡುಕುವುದು ವರ್ಷ ವರ್ಷಕ್ಕೂ ಕಷ್ಟವಾಯಿತು.

ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಆರೆಂಟು ಪಾಲು ಮಾತ್ರ ಉಗಿ ಎಂಜಿನ್ನಿನ ಚಕ್ರ ಮುಟ್ಟುತ್ತದೆ. ಡೀಸೆಲ್‌ನಲ್ಲಿ ಅದು ಇಪ್ಪತ್ತೈದರ ಆಚೆ. ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿತ್ತು. ಮೂರು ಡೀಸೆಲ್ ಎಂಜಿನ್ನುಗಳನ್ನು ಕೇಬಲ್ಲಿನಿಂದ ಜೋಡಿಸಿದರೆ ಮುಂದಿನದರಲ್ಲಿ ಕೂತ ಒಂದೇ ಜೋಡಿ ಸಿಬ್ಬಂದಿ ಮೂರನ್ನೂ ಓಡಿಸಬಹುದು. ಮೂರು ಉಗಿ ಎಂಜಿನ್ನುಗಳಿಗೆ ಮೂವರು ಡ್ರೈವರ್, ಮೂವರು ಫೈರ್‌ಮನ್ ಬೇಕೇ ಬೇಕು.

ಡೀಸೆಲ್ ಎಲ್ಲ ಕಡೆಯೂ ಸಲೀಸಾಗಿ ಗೆದ್ದಿತೆಂದು ತಿಳಿಯಬೇಡಿ. ಪಶ್ಚಿಮ ಆಸ್ಟ್ರೇಲಿಯಾ 1954ರಿಂದ ತಂದ 48 ಎಕ್ಸ್ ದರ್ಜೆಯ ಡೀಸೆಲ್‌ಗಳಲ್ಲಿ ಕ್ರಾಸ್ಲಿ ಕಂಪನಿಯ ಎರಡು-ಸ್ಟ್ರೋಕ್ ಎಂಜಿನ್ ಇತ್ತು. ಅದರ ನಡುಕಕ್ಕೆ, ಎಣ್ಣೆ ಸೋರಿಕೆಗೆ ವರ್ಷಗಟ್ಟಲೆ ರಿಪೇರಿ ಮಾಡಬೇಕಾಯಿತು. ಅದೇ ರೈಲ್ವೆ 1955-56ರಲ್ಲಿ 24 ಹೊಸ ವಿ ದರ್ಜೆಯ ಉಗಿ ಎಂಜಿನ್ನುಗಳನ್ನೂ ತಂದಿತು. ಕಾಲೀ ಎಂಬ ಊರಿನ ಗಣಿಯ ಕಲ್ಲಿದ್ದಲು ಸಾಗಿಸಲು ಅವು 1970ರ ದಶಕದ ಹೊಸ್ತಿಲವರೆಗೂ ದುಡಿದವು. ಕ್ವೀನ್ಸ್‌ಲ್ಯಾಂಡಿನ ಕಥೆಯೂ ಹೀಗೇ. ದೇಶದಲ್ಲಿ ಮುಖ್ಯ ಮಾರ್ಗಕ್ಕೆಂದು ಕಟ್ಟಿದ ಕೊನೆಯ ಉಗಿ ಎಂಜಿನ್ ಅಲ್ಲಿನ ಬಿಬಿ18¼ ದರ್ಜೆಯ 1089. ಮೇರಿಬರೋದ ವಾಕರ್ಸ್ ಕಾರ್ಖಾನೆಯಿಂದ 1958ರಲ್ಲಿ ಹೊರಬಂತು. ಹೆಸರಿನಲ್ಲಿರುವ 18¼ ಸಿಲಿಂಡರಿನ ವ್ಯಾಸ, ಇಂಚಿನಲ್ಲಿ.

ಈಗ ನ್ಯೂ ಸೌತ್ ವೇಲ್ಸ್. ಉಗಿ ಕೊನೆಯವರೆಗೂ ನಿಂತದ್ದು ಇಲ್ಲೇ. ಇದನ್ನು ಅರ್ಥ ಮಾಡಿಕೊಳ್ಳಲು ನ್ಯೂಪೋರ್ಟ್‌ನಲ್ಲಿ ನೀವು ನೋಡಿರಬಹುದಾದ ಎಚ್ 220 ಅನ್ನು ನೆನಪಿಗೆ ತಂದುಕೊಳ್ಳಿ. 'ಹೆವಿ ಹ್ಯಾರಿ' ಎಂದು ಕರೆಸಿಕೊಂಡ ಆ ದೈತ್ಯನ ತೂಕ ಸುಮಾರು 260 ಟನ್. ಚಾಲಕ ಗಾಲಿಗಳ ಒಂದೊಂದು ಅಚ್ಚಿನ ಮೇಲೂ ಸುಮಾರು 23 ಟನ್ ಭಾರ. ಅದನ್ನು ಹೊರುವ ಹಳಿ, ಸೇತುವೆ ಬೇರೆ ಕಡೆ ಇಲ್ಲದ್ದರಿಂದ ಅದರ ದುಡಿಮೆಯೆಲ್ಲ ಈಶಾನ್ಯದ ವೊಡೊಂಗಾ ದಾರಿಯಲ್ಲೇ ಕಳೆಯಿತು. ನ್ಯೂ ಸೌತ್ ವೇಲ್ಸ್ 1952ರಿಂದ ತಂದ ಎಡಿ60 ದರ್ಜೆಯ ಗ್ಯಾರೆಟ್‌ಗಳೂ ಹೆಚ್ಚುಕಡಿಮೆ ಅಷ್ಟೇ ತೂಕದವು, ಆದರೆ ಅಚ್ಚಿನ ಭಾರ ಬರೀ 16 ಟನ್. ಗ್ಯಾರೆಟ್ ಎಂದರೆ ಒಂದೇ ದೊಡ್ಡ ಬಾಯ್ಲರನ್ನು ನಡುವೆ ತೂಗುಹಾಕಿ, ಹಿಂದೊಂದು ಮುಂದೊಂದು ಗಾಲಿಗಳ ಜೋಡಣೆ ಇಡುವ ವಿನ್ಯಾಸ. ಎಡಿ60ಯಲ್ಲಿ 16 ಚಾಲಕ ಗಾಲಿ, 4 ಸಿಲಿಂಡರ್. ಬಾಯ್ಲರಿನ ಕೆಳಗೆ ಗಾಲಿಯಿಲ್ಲದ್ದರಿಂದ ಫೈರ್‌ಬಾಕ್ಸನ್ನು ಬೇಕಾದಷ್ಟು ಅಗಲ, ಆಳ ಮಾಡಬಹುದು. ಆ ಒಲೆಗೆ ಒಬ್ಬ ಫೈರ್‌ಮನ್ ಸಲಿಕೆಯಲ್ಲಿ ಎಸೆದು ಪೂರೈಸಲಾರ, ಹಾಗಾಗಿ ತಿರುಪಿನಿಂದ ಕಲ್ಲಿದ್ದಲು ತಂದು ಉಗಿಯ ಚಿಮ್ಮುವಿಕೆಯಿಂದ ಹರಡುವ ಯಾಂತ್ರಿಕ ಸ್ಟೋಕರ್ ಇತ್ತು. ನಮ್ಮ ಬಂಗಾಳ-ನಾಗಪುರ ರೈಲ್ವೆಗೂ ಬೇಯರ್ ಪೀಕಾಕ್ ಕಂಪನಿಯ ಗ್ಯಾರೆಟ್‌ಗಳು ಬಂದಿದ್ದವು. ಹೊರೆ ಹೆಚ್ಚು, ಹಳಿ ಹಗುರ ಎಂಬ ಇಕ್ಕಟ್ಟಿಗೆ ಇದಕ್ಕಿಂತ ಒಳ್ಳೆಯ ಉತ್ತರ ಉಗಿಯುಗದಲ್ಲಿ ಸಿಗಲಿಲ್ಲ.

ಒಟ್ಟು 42 ಎಡಿ60ಗಳು ಓಡಿದವು. ಇನ್ನೂ ಕೆಲವಕ್ಕೆ ಆರ್ಡರ್ ಕೊಟ್ಟಿದ್ದರು, ಕೊನೆಗೆ ಅವುಗಳಲ್ಲಿ ಐದು ಎಂಜಿನ್ನುಗಳಷ್ಟು ಭಾಗಗಳನ್ನು ಬಿಡಿಸಾಮಾನಾಗಿ ತರಿಸಿಕೊಂಡು ಉಳಿದದ್ದನ್ನು ರದ್ದು ಮಾಡಿದರು. ಅಷ್ಟರಲ್ಲಿ ಎರಡು ದಿಕ್ಕಿನಿಂದ ಒತ್ತಡ ಬಂದಿತ್ತು. ನೀಲಿಬೆಟ್ಟ ದಾಟಿ ಲಿತ್ಗೋವರೆಗೆ 1957ರಲ್ಲಿ, ಉತ್ತರಕ್ಕೆ ಗಾಸ್ಫರ್ಡ್‌ವರೆಗೆ 1960ರಲ್ಲಿ ವಿದ್ಯುತ್ ತಂತಿ ಬಂತು. ಕಡಿದಾದ ಏರು, ಉದ್ದದ ಸುರಂಗ ಎರಡೂ ಉಗಿಯ ಕೈಬಿಟ್ಟವು. ಇನ್ನೊಂದು ಕಡೆ 1959ರಿಂದ 48 ದರ್ಜೆಯ ಹಗುರ ಡೀಸೆಲ್‌ಗಳು ಬಂದವು. ಸುಮಾರು 75 ಟನ್ ತೂಕ, ಆರು ಅಚ್ಚು, ಅಂದರೆ ಅಚ್ಚಿಗೆ ಹನ್ನೆರಡೂವರೆ ಟನ್. ಕವಲು ದಾರಿಗಳ ಹಳೆಯ ಹಳಿಯ ಮೇಲೂ ಅವು ಹೋಗಬಲ್ಲವು. 1970ರ ಹೊತ್ತಿಗೆ ಇಂಥವು 165 ಆದವು. ಹಳ್ಳಿಗಾಡಿನ ಉಗಿಬಂಡಿಗಳನ್ನು ಮುಗಿಸಿದ್ದು ಈ ಸಾಧಾರಣ ಎಂಜಿನ್ನೇ. ಹೆಸರು ಮಾಡಿದ ದೊಡ್ಡ ಡೀಸೆಲ್‌ಗಳಿಗಿಂತ ಇದರ ಪಾತ್ರ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಉಳಿದದ್ದು ನ್ಯೂಕಾಸಲ್ ಸುತ್ತಿನ ಹಂಟರ್ ಕಣಿವೆ. ಕಲ್ಲಿದ್ದಲು ಕಾಲಬುಡದಲ್ಲೇ, ಗಣಿಯಿಂದ ವಿದ್ಯುತ್ ಸ್ಥಾವರಕ್ಕೋ ಬಂದರಿಗೋ ಚಿಕ್ಕ ಓಟ, ಬ್ರಾಡ್‌ಮೆಡೋದಲ್ಲಿ ಸಕಲ ಸೌಕರ್ಯದ ಶೆಡ್ಡು. ಭಾರತದಲ್ಲೂ ಇದೇ ತರ್ಕ ನಡೆಯಿತಲ್ಲ: ಕಲ್ಲಿದ್ದಲು ನಮ್ಮದು, ಕಾರ್ಖಾನೆ ನಮ್ಮದು, ಎಣ್ಣೆ ಮಾತ್ರ ಹೊರಗಿನದು. ಚಿತ್ತರಂಜನ್‌ನಲ್ಲಿ 1970ರವರೆಗೆ ಬ್ರಾಡ್‌ಗೇಜ್, 1972ರವರೆಗೆ ಮೀಟರ್‌ಗೇಜ್ ಉಗಿ ಎಂಜಿನ್ ಕಟ್ಟಿದರು. ಹುಬ್ಬಳ್ಳಿ, ಅರಸೀಕೆರೆ ಕಡೆಯ ಹಿರಿಯರಿಗೆ ವೈಜಿ ಎಂಜಿನ್ನಿನ ಕೂಗು ಇನ್ನೂ ನೆನಪಿರುತ್ತದೆ.

ಹಂಟರ್‌ನಲ್ಲಿ ಎಂಜಿನ್ನುಗಳು ಕೆಟ್ಟು ನಿಲ್ಲಲಿಲ್ಲ, ಓವರ್‌ಹಾಲ್ ಬಾಕಿ ಬಂದಾಗ ನಿಂತವು. ದೊಡ್ಡ ರಿಪೇರಿಗೆ ಹಣ ಹಾಕುವ ಬದಲು ಬದಿಗೆ ತಳ್ಳಿ, ಅದರ ಒಳ್ಳೆಯ ಭಾಗಗಳನ್ನು ಇನ್ನೊಂದಕ್ಕೆ ಹಾಕುವುದು ಇಂಥ ಕೊನೆಗಾಲದ ಪದ್ಧತಿ. ಹೀಗೆ ಸಂಖ್ಯೆ ಇಳಿಯುತ್ತ ಹೋದಂತೆ ಒಂದು ಲೆಕ್ಕ ತಲೆಕೆಳಗಾಗುತ್ತದೆ. ಐವತ್ತು ಎಂಜಿನ್ ಇದ್ದರೂ ಐದೇ ಇದ್ದರೂ ನೀರಿನ ಕಂಬ, ಕಲ್ಲಿದ್ದಲು ಅಟ್ಟ, ಬೂದಿಗುಂಡಿ, ಬಾಯ್ಲರ್ ಕೆಲಸಗಾರರು ಬೇಕೇ ಬೇಕು. ಕೊನೆಯ ಐದರ ಮೇಲೆ ಆ ಖರ್ಚೆಲ್ಲ ಬೀಳುತ್ತದೆ. ಅದಕ್ಕೇ ಉಗಿ ವರ್ಷಗಟ್ಟಲೆ ಮೆಲ್ಲಗೆ ಕರಗಿ, ಕೊನೆಯಲ್ಲಿ ತಟ್ಟನೆ ನಿಲ್ಲುತ್ತದೆ.

ನಿಮ್ಮ ಕೊನೆಯ ಪ್ರಶ್ನೆಗೆ ಮೂರು ಉತ್ತರಗಳಿವೆ. ದೇಶದ ಕೊನೆಯ ದಿನನಿತ್ಯದ ಉಗಿ ಪ್ಯಾಸೆಂಜರ್ ರೈಲು 1971ರ ಜುಲೈನಲ್ಲಿ ನ್ಯೂಕಾಸಲ್‌ನಿಂದ ಸಿಂಗಲ್ಟನ್‌ಗೆ ಓಡಿತು. ಎಳೆದದ್ದು 3246 ಎಂಬ ಹಳೆಯ ಎಂಜಿನ್. ಸರ್ಕಾರಿ ರೈಲ್ವೆಯ ಕೊನೆಯ ಉಗಿ ಗೂಡ್ಸ್ ಎಂಜಿನ್ ಗ್ಯಾರೆಟ್ 6042, ಅದರ ಬೆಂಕಿ ಆರಿದ್ದು 1973ರ ಆರಂಭದಲ್ಲಿ. ಖಾಸಗಿ ಗಣಿಯ ದಾರಿ ಅದಕ್ಕೂ ಹದಿನಾಲ್ಕು ವರ್ಷ ಹೆಚ್ಚು ಬಾಳಿತು. ಸೌತ್ ಮೇಟ್‌ಲ್ಯಾಂಡ್ ರೈಲ್ವೆಗಾಗಿ ಬೇಯರ್ ಪೀಕಾಕ್ 1911ರಿಂದ 1925ರವರೆಗೆ ಕಟ್ಟಿಕೊಟ್ಟ 14 ಟ್ಯಾಂಕ್ ಎಂಜಿನ್ನುಗಳಿದ್ದವು (ಟೆಂಡರ್ ಇಲ್ಲದೆ ನೀರು, ಕಲ್ಲಿದ್ದಲನ್ನು ತಾನೇ ಹೊರುವಂಥವು). ಅದೇ ಬಳಗದವು ರಿಚ್ಮಂಡ್ ವೇಲ್ ದಾರಿಯಲ್ಲಿ ಸ್ಟಾಕ್ರಿಂಗ್ಟನ್‌ನಿಂದ ಹೆಕ್ಸಮ್‌ಗೆ 1987ರ ಸೆಪ್ಟೆಂಬರ್ 22ರವರೆಗೆ ಕಲ್ಲಿದ್ದಲು ಎಳೆದವು. ಅರವತ್ತು ವರ್ಷ ದಾಟಿದ ಎಂಜಿನ್ನುಗಳು! ನಲವತ್ತು ವರ್ಷದ ನಿಮ್ಮ ಲೆಕ್ಕ ಸರಿ ಎಂದದ್ದು ಇದಕ್ಕೇ.

ಆರ್ ದರ್ಜೆಯ ಎಪ್ಪತ್ತರಲ್ಲಿ ಏಳು ಉಳಿದಿವೆ. ಮತ್ತೊಮ್ಮೆ ನ್ಯೂಪೋರ್ಟ್‌ಗೆ ಹೋದರೆ 704ರ ಗಾಲಿಗಳ ಕಡೆ ನೋಡಿ. ರಾಜ್ಯದ ಗೇಜ್ ಮುಂದೊಂದು ದಿನ ಬದಲಾದರೆ ಎಂಜಿನ್ ವ್ಯರ್ಥವಾಗಬಾರದೆಂದು, 1435ಕ್ಕೆ ಬದಲಿಸಬಹುದಾದ ವಿನ್ಯಾಸವನ್ನು ಮೊದಲೇ ಮಾಡಿಟ್ಟಿದ್ದರು. ದುಡಿದಷ್ಟು ದಿನ ಆ ಅನುಕೂಲ ಯಾರಿಗೂ ಬೇಕಾಗಲಿಲ್ಲ. ಸಂರಕ್ಷಣೆಯ ಕಾಲದಲ್ಲಿ ಆರ್ 766ನ್ನು ಸ್ಟ್ಯಾಂಡರ್ಡ್ ಗೇಜ್‌ಗೆ ಬದಲಿಸುವಾಗ ಅದು ಕೊನೆಗೂ ಬಳಕೆಗೆ ಬಂತು.